ಡಬ್ಬಿ ಬೇಡ, ಅಂಗಡಿಗೆ ಕಳಿಸಿ

ಹೋದ ವಾರ ಆಫೀಸಿನಲ್ಲಿ ಒಬ್ಬರ ಬರ್ತ್‌ಡೇಗೆ ಒಂದು ಡಬ್ಬಿ ಬಂತು. ಮೇಲೆ ಬುಗುರಿ, ಲಗೋರಿ, ಕ್ಯಾಸೆಟ್ಟಿನ ಚಿತ್ರ. ಒಳಗೆ ಪಾಪಿನ್ಸು, ಕಿಸ್ಮಿ, ನಿಂಬೆಹುಳಿ ಪೆಪ್ಪರ್‌ಮೆಂಟು, ಕಡ್ಡಿಗೆ ಚುಚ್ಚಿದ ಹುಣಸೆ ಚಿಗಳಿ. ಬೆಲೆ 599 ರೂಪಾಯಿ. 'ಅಯ್ಯೋ, ನಮ್ ಬಾಲ್ಯ!' ಅಂತ ಎಲ್ಲರೂ ಮುಗಿಬಿದ್ದರು. ನಾನೂ ಬಿದ್ದೆ, ಸುಳ್ಳು ಯಾಕೆ ಹೇಳ್ಲಿ. ಆದರೆ ಎರಡನೇ ಪೆಪ್ಪರ್‌ಮೆಂಟು ಬಾಯಲ್ಲಿ ಕರಗೋ ಹೊತ್ತಿಗೆ ಸಿಟ್ಟು ಬಂದಿತ್ತು.

ತಿಪಟೂರಿನಲ್ಲಿ ನಮ್ಮ ಬೀದಿಯ ಮೂಲೆಗೆ ಶೆಟ್ಟರ ಅಂಗಡಿ. ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟ ಮೇಲೇ ಅಮ್ಮನಿಗೆ ಸಾಸಿವೆ ಇಲ್ಲ ಅನ್ನೋದು ಗೊತ್ತಾಗೋದು. ಓಡುತ್ತಿದ್ದವನು ನಾನು. ಉಳಿದ ನಾಕಾಣೆ ನೇರ ಕಮರ್‌ಕಟ್ಟಿಗೆ. 'ಚಿಲ್ರೆ ಇಲ್ವಂತೆ ಕಣಮ್ಮ, ಶೆಟ್ರು ಇದನ್ನೇ ಕೊಟ್ರು.' ಇದು ಅರ್ಧದಷ್ಟು ಸಲ ನಿಜ. ಉಳಿದರ್ಧ ಅಮ್ಮನಿಗೆ ಗೊತ್ತಿತ್ತು, ಆದರೂ ಸುಮ್ಮನಿದ್ದಳು. ಅದು ನನ್ನ ಮೊದಲ ಸಂಬಳ ಕಣ್ರೀ. ಬೆಲ್ಲ, ತೆಂಗಿನಕಾಯಿಯ ಆ ಕಲ್ಲಿನಂಥ ಉಂಡೆಯನ್ನು ಅಂಗಿಯ ತುದಿಯಲ್ಲಿ ಸುತ್ತಿ, ಕಚ್ಚಿ ಒಡೆದು, 'ಕಾಗೆ ಎಂಜಲು' ಅಂತ ಗೆಳೆಯನಿಗೆ ಅರ್ಧ. ಅವನ ಜೇಬಲ್ಲಿ ನಾಕಾಣೆ ಇರುತ್ತಿದ್ದದ್ದೇ ಅಪರೂಪ. ಅವನ ಬಾಲ್ಯವನ್ನು ಯಾವ ಡಬ್ಬಿಯಲ್ಲಿ ಹಾಕಿ ಮಾರ್ತೀರಿ?

ಮಿಠಾಯಿ ಎಲ್ಲೂ ಹೋಗಿಲ್ಲ. ನಿಂತುಹೋಗಿದ್ದ ರೋಲಾ ಕೋಲಾವನ್ನು ಪಾರ್ಲೆಯವರು 2019ರಲ್ಲಿ ವಾಪಸ್ ತಂದರು, ಅದೂ ಟ್ವಿಟರ್‌ನಲ್ಲಿ ಜನ ಹಟ ಹಿಡಿದು ಕೇಳಿದ್ದಕ್ಕೆ. 2015ರಲ್ಲಿ ಬಂದ ಒಂದು ರೂಪಾಯಿಯ ಪಲ್ಸ್, ಎಂಟೇ ತಿಂಗಳಲ್ಲಿ 100 ಕೋಟಿಯ ವ್ಯಾಪಾರ ಮಾಡಿತು. ಹೀಗಿರುವಾಗ ಮಿಠಾಯಿಗಾಗಿ ನಾವ್ಯಾಕೆ ಅಳಬೇಕು? ಹೋಗಿದ್ದು ಬೇರೆ. 2011ರ ಜೂನ್ 30ಕ್ಕೆ ನಾಕಾಣೆ ಚಲಾವಣೆಯಿಂದಲೇ ಹೋಯಿತು. ಆಮೇಲೆ ಯುಪಿಐ ಬಂದು ಚಿಲ್ಲರೆ ಅನ್ನೋದೇ ಇಲ್ಲವಾಯಿತು. ಸಾಸಿವೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತೆ. ಅದನ್ನು ತರೋದು ಯಾವುದೋ ಊರಿಂದ ದುಡಿಯೋಕೆ ಬಂದ ಹುಡುಗ. ಮನೆಯ ಹುಡುಗಿ ಸೋಫಾದ ಮೇಲೆ ಕೂತಿರುತ್ತಾಳೆ. ನನ್ನ ಎಂಟು ವರ್ಷದ ಮಗಳಿಗೆ ನನ್ನ ಫೋನಿನ ಪಿನ್ ಗೊತ್ತು. ಅಂಗಡಿಯವರ ಮುಂದೆ ನಿಂತು, ಯಾವುದು ಬೇಕು ಅಂತ ತಾನೇ ನಿರ್ಧರಿಸಿ, ಬಾಕಿ ಎಣಿಸಿಕೊಂಡು ಬಂದದ್ದು ಒಮ್ಮೆಯೂ ಇಲ್ಲ. ನಾಕಾಣೆಗೆ ನಾವು ಕೊಂಡದ್ದು ಆ ಹತ್ತು ನಿಮಿಷದ ಯಜಮಾನಿಕೆ. ಅದನ್ನು ಮಕ್ಕಳಿಂದ ಕಿತ್ತುಕೊಂಡು, ನಮಗಾಗಿ ಡಬ್ಬಿ ತರಿಸಿಕೊಂಡು ಕಣ್ಣೊರೆಸಿಕೊಳ್ತೀವಲ್ಲ, ಇದಕ್ಕೇನು ಹೇಳೋಣ?

'ಕಾಲ ಕೆಟ್ಟಿದೆ, ಟ್ರಾಫಿಕ್ ನೋಡಿದ್ದೀರಾ' ಅಂತೀರಿ. ಟ್ರಾಫಿಕ್ಕಿನ ಮಾತು ಒಪ್ಪಿದೆ, ಬೆಂಗಳೂರಿನ ರಸ್ತೆಗೆ ನಾನೂ ಹೆದರ್ತೀನಿ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಅಂಟಿಕೊಂಡೇ ಒಂದು ಅಂಗಡಿಯಿದೆ, ರಸ್ತೆ ದಾಟೋದೇ ಬೇಡ. ಅಲ್ಲಿಗೂ ಯಾರೂ ಕಳಿಸಲ್ಲ. ಇನ್ನು ಸಕ್ಕರೆಯ ಭಯ. ಮಗುವಿನ ಕೈಯಿಂದ ಚಾಕೊಲೇಟ್ ಕಿತ್ತು ಖರ್ಜೂರ ಕೊಡುವವರೇ ಆ 599ರ ಡಬ್ಬಿಯನ್ನು ಕಾರ್ಟಿಗೆ ಹಾಕೋದು. ನಾವು ತಿಂದರೆ ನೆನಪು, ಅವರು ತಿಂದರೆ ಸಕ್ಕರೆ!

ಭಾನುವಾರ ಮಗಳ ಕೈಗೆ ಇಪ್ಪತ್ತರ ನೋಟು ಕೊಟ್ಟು, 'ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪು ತಗೊಂಡ್ ಬಾ' ಅಂದೆ. ಎರಡು ನಿಮಿಷಕ್ಕೆ ಇಂಟರ್‌ಕಾಮ್ ಬಡಿದುಕೊಂಡಿತು. 'ಸಾರ್, ಪಾಪು ಒಬ್ಳೇ ಬಂದವ್ಳೆ, ಬಿಡ್ಲಾ?' ವಾಚ್‌ಮನ್ ದನಿಯಲ್ಲಿ ಗಾಬರಿ. ಬಿಡಿ ಅಂದೆ. ಆಮೇಲೆ ಬಾಲ್ಕನಿಗೆ ಓಡಿ ಕಂಬಿ ಹಿಡಿದು ನಿಂತವನೂ ನಾನೇ.

ಬಂದಳು. ಸೊಪ್ಪಿನ ಕಟ್ಟು ಬಾಡಿತ್ತು, ಚೌಕಾಸಿ ಮಾಡಿರಲಿಲ್ಲ. ಬಾಯಿಯ ಒಂದು ಬದಿ ಉಬ್ಬಿತ್ತು. ಬಾಕಿ ಎಲ್ಲಮ್ಮಾ ಅಂದರೆ ಕಣ್ಣು ಮಿಟುಕಿಸದೆ ಹೇಳಿದಳು: 'ಅಂಕಲ್ ಹತ್ರ ಚಿಲ್ರೆ ಇರ್ಲಿಲ್ಲ ಅಪ್ಪಾ.'