ತಂಗಳಿಗೆ ನಾಚುವ ಪರಿಸರವಾದಿಗಳಿಗೆ

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಸಭೆಯೊಂದು ಮುಗಿಯುವಾಗ ತಡವಾಗಿ, ಪೇಟೆಯಲ್ಲಿ ಒಬ್ಬನೇ ಕೋಣೆ ಮಾಡಿಕೊಂಡು ಓದುತ್ತಿರುವ ವಿದ್ಯಾರ್ಥಿಯೊಬ್ಬನಲ್ಲಿ ಉಳಿದುಕೊಳ್ಳಬೇಕಾಯಿತು. ಘಟ್ಟದ ನದಿಗಳ ಕುರಿತು ಅಂದು ಎಲ್ಲರಿಗಿಂತ ಚೆನ್ನಾಗಿ ಮಾತನಾಡಿದವನು ಅವನೇ. ಬೆಳಗ್ಗೆ ಎದ್ದು ನೋಡಿದರೆ, ರಾತ್ರಿ ಮಿಕ್ಕಿದ್ದ ಅರ್ಧ ಪಾತ್ರೆ ಅನ್ನ ಪ್ಲಾಸ್ಟಿಕ್ ಚೀಲದೊಳಗೆ ಸೇರಿ ಬಾಗಿಲ ಮೂಲೆಯಲ್ಲಿ ಕುಳಿತಿತ್ತು. ಒಲೆಯ ಮೇಲೆ ನೂಡಲ್ಸ್‌ಗೆ ನೀರು ಕಾಯುತ್ತಿತ್ತು. "ಅನ್ನ ಚೆನ್ನಾಗಿಯೇ ಇತ್ತಲ್ಲೋ ತಮ್ಮಾ" ಎಂದೆ. "ತಂಗಳು ಸರ್, ನಿಮಗೆ ಹೇಗೆ ಬಡಿಸಲಿ?" ಎಂದ.

ಹುಡುಗನ ಸೌಜನ್ಯವನ್ನು ನಾನು ದೂರುವುದಿಲ್ಲ. ಅವನಲ್ಲಿ ಆ ನಾಚಿಕೆಯನ್ನು ಬಿತ್ತಿದವರ ಮೇಲೆ ನನ್ನ ಜಗಳ. ತಿಂಗಳುಗಳ ಹಿಂದೆ ಯಾವುದೋ ಕಾರ್ಖಾನೆಯಲ್ಲಿ ಕರಿದು ಪೊಟ್ಟಣ ಕಟ್ಟಿದ್ದು ತಾಜಾ. ಒಂದು ರಾತ್ರಿಯ ಹಿಂದೆ ತಾನೇ ಬೇಯಿಸಿದ ಅನ್ನ ಹಳಸಲು! ಆ ಪೊಟ್ಟಣದ ನೂಡಲ್ಸ್ ಕರಿಯಲು ಸಾಮಾನ್ಯವಾಗಿ ಬಳಸುವುದು ತಾಳೆ ಎಣ್ಣೆಯನ್ನು. ಇಂಡೋನೇಷ್ಯಾ, ಮಲೇಷ್ಯಾಗಳ ಮಳೆಕಾಡು ಕಡಿದು ಬೆಳೆಸಿದ ತೋಟಗಳಿಂದ ನಮ್ಮ ದೇಶಕ್ಕೆ ಆ ಎಣ್ಣೆ ಹರಿದು ಬರುತ್ತಿದೆ. ನಮ್ಮ ಕಾಡಿಗಾಗಿ ಘೋಷಣೆ ಕೂಗಿ, ಇನ್ನೊಬ್ಬರ ಕಾಡನ್ನು ತಟ್ಟೆಗೆ ಹಾಕಿಕೊಳ್ಳುವುದು ಯಾವ ನ್ಯಾಯ?

ಆಹಾರ ಪೋಲಾಗುವುದು ಕಲ್ಯಾಣಮಂಟಪಗಳಲ್ಲಿ, ಒಬ್ಬಂಟಿಯ ಹಿಡಿ ಅನ್ನ ಯಾವ ಲೆಕ್ಕ ಎಂದು ಹೇಳುವವರಿದ್ದಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯನ್ನು ಅವರು ಓದಲಿ. 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು, ಮನೆಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದು. ಇನ್ನು, ಪ್ಲಾಸ್ಟಿಕ್ ಚೀಲದಲ್ಲಿ ಉಸಿರುಕಟ್ಟಿ ಕೊಳೆಯುವ ಅನ್ನ ಮೀಥೇನ್ ಆಗುತ್ತದೆ, ನಾರುವ ನೀರಾಗಿ ಯಾರದೋ ಬಾವಿಗೆ ಇಳಿಯುತ್ತದೆ. ಬೆಂಗಳೂರಿನ ಕಸ ಹೊತ್ತು ಬೇಸತ್ತ ಮಂಡೂರಿನ ಹಳ್ಳಿಗರು 2014ರಲ್ಲಿ ಬೀದಿಗಿಳಿದದ್ದು ನೆನಪಿದೆಯೇ? ಆ ಕಸದಲ್ಲಿ ದೊಡ್ಡ ಪಾಲು ಅಡುಗೆಮನೆಗಳ ಹಸಿ ಕಸವೇ ಆಗಿತ್ತು.

ಇಷ್ಟು ಹೇಳಿದೊಡನೆ ನಮ್ಮ ಹಿರಿಯರು ಹೆಮ್ಮೆಯಿಂದ ತಲೆದೂಗುತ್ತಾರೆ: "ನಮ್ಮ ಅಜ್ಜಿಯ ಕಾಲದಲ್ಲಿ ಒಂದು ಅಗುಳೂ ದಂಡವಾಗುತ್ತಿರಲಿಲ್ಲ." ನಿಜ. ಆದರೆ ಆ ತಂಗಳನ್ನು ಉಣ್ಣುತ್ತಿದ್ದವರು ಯಾರು? ಗಂಡಸರ ಪಂಕ್ತಿಗೆ ಬಿಸಿ ಅನ್ನ, ಎಲ್ಲರದ್ದೂ ಮುಗಿದ ಮೇಲೆ ಕೂರುವ ಸೊಸೆಗೆ ಹಿಂದಿನ ದಿನದ್ದು, ಹಿತ್ತಿಲ ಬಾಗಿಲಲ್ಲಿ ನಿಂತ ಕೂಲಿಯವನ ಪಾತ್ರೆಗೆ ಅದಕ್ಕೂ ಹಿಂದಿನದು. ತಂಗಳೆಂಬ ಮಾತಿಗೆ ಅಂಟಿರುವ ಅವಮಾನ ಬಂದದ್ದು ಅನ್ನದಿಂದ ಅಲ್ಲ, ಈ ಬಡಿಸುವ ಕ್ರಮದಿಂದ. ಒಂಟಿಯಾಗಿ ಬಾಳುವವನಿಗೆ ಇದನ್ನು ತೊಳೆದುಕೊಳ್ಳುವ ಅವಕಾಶ ತಾನಾಗಿ ಒದಗಿದೆ: ಅಲ್ಲಿ ದಾಟಿಸಿಬಿಡಲು ಸೊಸೆಯೂ ಇಲ್ಲ, ಆಳೂ ಇಲ್ಲ. ಎಂಜಲಿಗೂ ತಂಗಳಿಗೂ ಇರುವ ಭೇದವನ್ನಾದರೂ ನಮ್ಮ ಹುಡುಗರಿಗೆ ಹೇಳಿಕೊಡೋಣ. ತಟ್ಟೆಯಲ್ಲಿ ಬಿಟ್ಟದ್ದು ಎಂಜಲು, ಪಾತ್ರೆಯಲ್ಲಿ ಉಳಿದದ್ದು ತಂಗಳು.

ಒಂಟಿ ಅಡುಗೆ ಪೇಟೆಯದ್ದು ಮಾತ್ರವೇ? ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ, ನಮ್ಮ ಅಡಕೆ ಸೀಮೆಯ ಎಷ್ಟು ದೊಡ್ಡ ಮನೆಗಳಲ್ಲಿ ತಾಯಿಯೊಬ್ಬಳೇ ಉಳಿದಿದ್ದಾಳೆ! ನಾಲ್ಕು ಜನಕ್ಕೆ ಅಕ್ಕಿ ಅಳೆದ ಕೈ ಈಗಲೂ ನಾಲ್ಕು ಜನಕ್ಕೇ ಅಳೆಯುತ್ತದೆ. ಮೊದಲು ಮಿಕ್ಕಿದ್ದು ಅಕ್ಕಚ್ಚಿನೊಡನೆ ಕೊಟ್ಟಿಗೆಗೆ ಹೋಗುತ್ತಿತ್ತು (ಅನ್ನ ಅತಿಯಾದರೆ ದನದ ಹೊಟ್ಟೆಯೂ ಕೆಡುತ್ತದೆ, ಅದು ಬೇರೆ ಮಾತು). ಈಗ ಕೊಟ್ಟಿಗೆ ಬರಿದು. ಹಾಗಾಗಿ ಕೋಣೆಯ ಮಗನೂ ಮನೆಯ ತಾಯಿಯೂ ಕಲಿಯಬೇಕಾದ ವಿದ್ಯೆ ಒಂದೇ, ಮತ್ತು ಅದರ ಮೊದಲ ಪಾಠ ಕಡಿಮೆ ಅಳೆಯುವುದು.

ಉಳಿದರೆ ದಾರಿಗಳು ಹಲವು. ಚಿತ್ರಾನ್ನ, ಮೊಸರನ್ನ ಎಲ್ಲರಿಗೂ ಗೊತ್ತು. ಅನ್ನವನ್ನು ಚೆನ್ನಾಗಿ ಹಿಸುಕಿ, ಅಕ್ಕಿಹಿಟ್ಟು ಬೆರೆಸಿ ನಾದಿದರೆ ಮಲೆನಾಡಿನ ಮೆತ್ತನೆಯ ರೊಟ್ಟಿ. ನಿನ್ನೆಯ ಪಲ್ಯ ಉಳಿದಿದ್ದರೆ ಅದೂ ಆ ಹಿಟ್ಟಿಗೇ ಸೇರಲಿ. ನೆನೆದ ಅಕ್ಕಿಯೊಡನೆ ಒಂದು ಹಿಡಿ ಅನ್ನ ರುಬ್ಬಿದರೆ ದೋಸೆ ಮೃದುವಾಗುತ್ತದೆ. ಸಾರು ಮಿಕ್ಕಿದರೆ ಅದರಲ್ಲೇ ಅವಲಕ್ಕಿ ನೆನೆಸಬಹುದು, ಉಪ್ಪಿಟ್ಟಿನ ನೀರಿಗೆ ಬದಲು ಅದನ್ನೇ ಎರೆಯಬಹುದು. ಹುಳಿಯನ್ನು ಮತ್ತೆ ಮತ್ತೆ ಕುದಿಸಿ ನೀರಿಂಗಿಸಿದರೆ ರೊಟ್ಟಿಗೆ ಹಚ್ಚಿಕೊಳ್ಳುವಷ್ಟು ಗಟ್ಟಿಯಾಗಿ, ಮೊದಲ ದಿನಕ್ಕಿಂತ ರುಚಿಯಾಗುತ್ತದೆ. ಹೀರೆಕಾಯಿಯ ಸಿಪ್ಪೆ ಹುರಿದು ಚಟ್ನಿ. ಮಜ್ಜಿಗೆ ಹುಳಿ ಬಂತೆ? ಕಿಟಕಿಯ ಕುಂಡದಲ್ಲಿ ದೊಡ್ಡಪತ್ರೆ ನೆಟ್ಟುಕೊಂಡಿದ್ದರೆ ನಾಲ್ಕೆಲೆ ಬಾಡಿಸಿ, ಜೀರಿಗೆ, ಕಾಯಿತುರಿಯೊಡನೆ ರುಬ್ಬಿ ಕದಡಿ, ತಂಬುಳಿ ಆಯಿತು. ಒಂದು ಗುಟ್ಟು: ತೆಂಗಿನಕಾಯಿ ಬಿದ್ದ ಪದಾರ್ಥ ಬೇಗ ಕೆಡುತ್ತದೆ. ಆದ್ದರಿಂದ ಬೇಯಿಸಿದ ಬೇಳೆ, ತರಕಾರಿಯಲ್ಲಿ ನಾಳೆಯ ಪಾಲನ್ನು ಮೊದಲೇ ತೆಗೆದಿಟ್ಟು, ಇಂದಿನದಕ್ಕೆ ಮಾತ್ರ ಕಾಯಿ ಹಾಕುವುದು ಜಾಣತನ.

ತಂಗಳನ್ನೆಲ್ಲ ಅಮೃತವೆಂದು ಹಾಡಿ ಹೊಗಳುವ ಹೊಸ ಭಕ್ತರ ಗುಂಪಿಗೆ ನಾನು ಸೇರಿದವನಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಹೊರಗೇ ಇದ್ದರೆ ಅವು ಮೊಳೆತು ಬೆಳೆದು ವಿಷ ಕೂಡಿಸುತ್ತವೆ. ಅದರಲ್ಲಿ ವಾಂತಿ ತರಿಸುವ ವಿಷ ಮತ್ತೆ ಕಾಯಿಸಿದರೂ ಅಳಿಯದು, ಒಗ್ಗರಣೆ ಹಾಕಿದರೂ ಅಳಿಯದು. ಆದ್ದರಿಂದ ಉಳಿಯುವುದೆಂದು ತಿಳಿದ ಅನ್ನವನ್ನು ಊಟಕ್ಕೆ ಮೊದಲೇ ಬೇರೆ ತೆಗೆದು, ಅಗಲ ತಟ್ಟೆಯಲ್ಲಿ ಹರವಿ, ಆರಿದೊಡನೆ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು, ಮರುದಿನ ಮುಗಿಸಬೇಕು. ನೀರು ಹಾಕಿ ಇಡುವ ಹಿರಿಯರ ರೂಢಿಯನ್ನು ಬಯಲುಸೀಮೆಯ ಏಪ್ರಿಲ್ ಸೆಕೆಯಲ್ಲಿ, ಗಾಳಿಯಾಡದ ಕೋಣೆಯಲ್ಲಿ ಕಣ್ಣುಮುಚ್ಚಿ ನಂಬಬೇಡಿ. ಫ್ರಿಜ್ಜು ಇಲ್ಲದವರು ಅರ್ಧ ಪಾವು ಅಕ್ಕಿ ಇಟ್ಟು ಒಂದೇ ಹೊತ್ತಿಗೆ ಮುಗಿಸುವುದು ಲೇಸು. ವಾಸನೆ ಬಂದದ್ದನ್ನು ತತ್ತ್ವಕ್ಕಾಗಿ ತಿನ್ನುವುದು ಬೇಡ. ಅದು ಗೊಬ್ಬರದ ಗುಂಡಿಗೆ ಹೋಗಲಿ, ಚೀಲಕ್ಕೆ ಬೇಡ.

ಸಮಯವಿಲ್ಲ ಎಂಬ ಕೊನೆಯ ನೆಪ ಉಳಿಯಿತು. ಆ ಬೆಳಗ್ಗೆ ಹುಡುಗ ಕಟ್ಟಿದ್ದ ಚೀಲವನ್ನು ನಾನೇ ಬಿಚ್ಚಿದೆ. ಚೀಲ ಹೊಸದಾಗಿತ್ತು, ಹಿಂದಿನ ರಾತ್ರಿ ಕಿಟಕಿಯ ತಂಪಿನಲ್ಲಿದ್ದ ಅನ್ನ ಉದುರುದುರಾಗಿಯೇ ಇತ್ತು. ಆದರೂ ಅಷ್ಟು ಹೊತ್ತು ಹೊರಗಿದ್ದುದರಿಂದ ಅದನ್ನು ತಿನ್ನುವ ಧೈರ್ಯ ನಾನೂ ಮಾಡಲಿಲ್ಲ. ಹಿಂದಿನ ತೆಂಗಿನ ಬುಡದಲ್ಲಿ ಮಣ್ಣು ಕೆದಕಿ ಹೂಳಿದೆವು. ರಾತ್ರಿ ಮಲಗುವ ಮೊದಲು ಅದನ್ನು ಮುಚ್ಚಿಡಲು ಎರಡು ನಿಮಿಷ ಸಾಕಿತ್ತು. ನೂಡಲ್ಸ್ ಪೊಟ್ಟಣದ ಮೇಲೆ ಬರೆದಿದ್ದ ಸಮಯವೂ ಅಷ್ಟೇ.