ನಾಟಿಗೆ ಮೊದಲು ಸಸಿಮಡಿ ನೋಡ್ರಪ್ಪಾ...

ಶುರುವಿನಲ್ಲೇ ಹೇಳಿಬಿಡ್ತೀನಿ, ನನ್ನದೂ ಬೊಕ್ಕತಲೆ. ಮೂವತ್ತಕ್ಕೆ ಶುರುವಾಗಿದ್ದು ನಲವತ್ತಕ್ಕೆಲ್ಲ ಕೆಲಸ ಮುಗಿಸಿ ಹೊರಟುಹೋಯ್ತು. ಹಾಗಾಗಿ "ಕೂದಲಿರೋರಿಗೆ ನಮ್ಮ ಕಷ್ಟ ಏನು ಗೊತ್ತು" ಅಂತ ಯಾರೂ ನನ್ನ ಬಾಯಿ ಮುಚ್ಚಿಸೋ ಹಾಗಿಲ್ಲ :)

2019ರ ನವೆಂಬರ್ ತಿಂಗಳ ಒಂದು ಶನಿವಾರ. ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣಯ್ಯ, ಒಂದ್ಕಡೆ ಹೋಗೋದಿದೆ, ಜೊತೆಗೆ ಬಾ" ಅಂದ. ಎಲ್ಲಿಗೆ ಅಂತ ಹೇಳಲಿಲ್ಲ. ಹುಡುಗನಿಗೆ ಆಗ ಇಪ್ಪತ್ತಾರು. ಕೆಲಸ ಇತ್ತು, ಊರಲ್ಲಿ ಒಂದಿಷ್ಟು ತೋಟ ಇತ್ತು, ಆದರೆ ಎರಡು ಕಡೆಯ ಹೆಣ್ಣಿನವರು ಫೋಟೋ ನೋಡಿ ಸುಮ್ಮನಾಗಿದ್ದರು. ಮೂರನೆಯವರು ಮಧ್ಯವರ್ತಿಯ ಹತ್ತಿರ ಬಾಯಿಬಿಟ್ಟು ಹೇಳಿದ್ದರಂತೆ, "ಹುಡುಗ ಒಳ್ಳೆಯವನೇ, ವಯಸ್ಸು ಜಾಸ್ತಿ ಕಾಣ್ತದೆ" ಅಂತ. ಚಿಕ್ಕಮ್ಮ ಅದನ್ನ ಊಟಕ್ಕೆ ಕೂತಾಗ ಮಗನಿಗೆ ವರದಿ ಮಾಡಿದ್ದಾರೆ. ಅಷ್ಟು ಸಾಕಾಯ್ತು.

ಹೋಗಿದ್ದು ಬೆಂಗಳೂರಿನ ಒಂದು ಕೂದಲು ಕಸಿ ಕ್ಲಿನಿಕ್ಕಿಗೆ. ಹೆಸರು ಬೇಡ. ಮೆತ್ತನೆ ಸೋಫಾ, ಕಾಫಿ, ಗೋಡೆ ತುಂಬ "ಮೊದಲು–ನಂತರ" ಫೋಟೋಗಳು. ಕೋಟು ಹಾಕಿಕೊಂಡ ಒಬ್ಬ ಹುಡುಗಿ ಬಂದು ಇವನ ತಲೆಗೆ ಪುಟ್ಟ ಕ್ಯಾಮೆರಾ ಹಿಡಿದು, ದೊಡ್ಡ ಪರದೆ ಮೇಲೆ ತೋರಿಸಿದಳು. ಅಷ್ಟು ದೊಡ್ಡದು ಮಾಡಿ ತೋರಿಸಿದರೆ ರಾಜಕುಮಾರನ ತಲೆಯೂ ಬರಗಾಲ ಬಿದ್ದ ಹೊಲದ ಥರಾನೇ ಕಾಣುತ್ತೆ ಬಿಡಿ. "ಮೂರೂವರೆ ಸಾವಿರ ಗ್ರಾಫ್ಟ್ ಬೇಕಾಗುತ್ತೆ ಸರ್. ಗ್ರಾಫ್ಟಿಗೆ ಮೂವತ್ತು ರೂಪಾಯಿ. ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್, ಇಎಂಐ ಕೂಡ ಇದೆ. ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಹದಿನೆಂಟು ಪರ್ಸೆಂಟ್ ಉಳಿಯುತ್ತೆ ಸರ್."

ನಾನು "ಡಾಕ್ಟ್ರು ಎಲ್ಲಮ್ಮಾ?" ಅಂದೆ.

"ಪ್ರೊಸೀಜರ್ ದಿನ ಬರ್ತಾರೆ ಸರ್."

ಒಂದು ಲಕ್ಷದ ಐದು ಸಾವಿರದ ಶಸ್ತ್ರಚಿಕಿತ್ಸೆ. ಅದು ಬೇಕೋ ಬೇಡವೋ ಅಂತ ತೀರ್ಮಾನ ಮಾಡಿದವಳು ಸೇಲ್ಸ್ ಹುಡುಗಿ. ಅವಳ ಮೇಲೆ ನನಗೇನೂ ಸಿಟ್ಟಿಲ್ಲ, ಅವಳದೂ ಟಾರ್ಗೆಟ್ಟಿನ ಹೊಟ್ಟೆಪಾಡು. ಆದರೆ ಇಡೀ ನಲವತ್ತು ನಿಮಿಷದಲ್ಲಿ ಇವನ ಅಪ್ಪನ ತಲೆ ಹೇಗಿದೆ, ಸೋದರಮಾವನ ತಲೆ ಹೇಗಿದೆ, ಎಷ್ಟು ವರ್ಷದಿಂದ ಉದುರುತ್ತಿದೆ, ಬಿಪಿ ಇದೆಯಾ, ಯಾವುದಾದರೂ ಔಷಧಿ ಒಗ್ಗಲ್ವಾ... ಒಂದನ್ನೂ ಕೇಳಲಿಲ್ಲ. (ನಮ್ಮ ಮನೆತನದ ಗಂಡಸರನ್ನ ಸಾಲಾಗಿ ನಿಲ್ಲಿಸಿದರೆ ಹುಣ್ಣಿಮೆಗಳ ಮೆರವಣಿಗೆ!)

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇದನ್ನ ಕನ್ನಡದಲ್ಲಿ "ಕಸಿ" ಅಂತ ಕರೆದು ಎಲ್ಲ ಹಾಳಾಗಿದೆ ಅಂತ ನನ್ನ ಅನುಮಾನ. ಕಸಿ ಅಂದ ತಕ್ಷಣ ನಮಗೆ ಮಾವಿನ ಗಿಡದ ನೆನಪಾಗುತ್ತೆ. ತಾಯಿ ಮರದಿಂದ ಒಂದು ಕುಡಿ ಕತ್ತರಿಸಿದರೆ ಮರಕ್ಕೇನೂ ನಷ್ಟವಿಲ್ಲ, ಮತ್ತೆ ಚಿಗುರುತ್ತೆ. ತಲೆಯಲ್ಲಿ ನಡೆಯೋದು ಕಸಿ ಅಲ್ಲ ಸ್ವಾಮಿ, ನಾಟಿ. ಭತ್ತದ ನಾಟಿ. ಸಸಿಮಡಿಯಿಂದ ಸಸಿಯನ್ನ ಬೇರು ಸಮೇತ ಕಿತ್ತು ಗದ್ದೆಗೆ ನೆಡೋದು. ಕಿತ್ತ ಜಾಗದಲ್ಲಿ ಮತ್ತೆ ಹುಟ್ಟೋದಿಲ್ಲ. ಹೊಸ ಕೂದಲು ಯಾರೂ ಸೃಷ್ಟಿ ಮಾಡ್ತಿಲ್ಲ, ಹಿಂದಿನದನ್ನ ಮುಂದಕ್ಕೆ ಸಾಗಿಸ್ತಿದಾರೆ ಅಷ್ಟೇ.

ತಲೆಯ ಹಿಂಭಾಗದ, ಕಿವಿಗಳ ಮೇಲಿನ ಪಟ್ಟಿಯ ಕೂದಲಿಗೆ ಡೈಹೈಡ್ರೋಟೆಸ್ಟೋಸ್ಟೀರಾನ್ ಅನ್ನೋ ಹಾರ್ಮೋನಿನ ಕಾಟ ಅಷ್ಟಾಗಿ ತಟ್ಟೋದಿಲ್ಲ. ಅದನ್ನ ಕಿತ್ತು ಮುಂದೆ ನೆಟ್ಟರೂ ಅದು ತನ್ನ ಹಳೇ ಸ್ವಭಾವ ಬಿಡದೆ ಉಳಿಯುತ್ತೆ ಅಂತ ತೋರಿಸಿದ್ದು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್, 1950ರ ದಶಕದಲ್ಲಿ. ಇವತ್ತಿನ ಇಡೀ ವ್ಯಾಪಾರ ನಿಂತಿರೋದು ಆ ಒಂದು ಸತ್ಯದ ಮೇಲೆ. ಆದರೆ ಅದೇ ಸತ್ಯದ ಇನ್ನೊಂದು ಮುಖವನ್ನ ಯಾವ ಜಾಹೀರಾತೂ ಹೇಳೋದಿಲ್ಲ. ನೆಟ್ಟ ಕೂದಲು ಉಳಿಯುತ್ತೆ ಸರಿ, ಅದರ ಅಕ್ಕಪಕ್ಕ ಮೊದಲಿನಿಂದ ಇದ್ದ ಕೂದಲಿನ ಗತಿ? ಅದು ತನ್ನ ಪಾಡಿಗೆ ತಾನು ಉದುರುತ್ತಲೇ ಇರುತ್ತೆ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಗ್ರಾಫ್ಟಿನಲ್ಲಿ ಒಂದರಿಂದ ನಾಲ್ಕು ಕೂದಲು ಇರುತ್ತೆ. ಸಾಮಾನ್ಯ ಗಂಡಸಿನ ಸಸಿಮಡಿಯಿಂದ ಜೀವಮಾನದಲ್ಲಿ ಸುರಕ್ಷಿತವಾಗಿ ತೆಗೆಯಬಹುದಾದದ್ದು ಹೆಚ್ಚುಕಮ್ಮಿ ಐದಾರು ಸಾವಿರ ಗ್ರಾಫ್ಟು, ಕೆಲವರಿಗೆ ಇನ್ನೂ ಕಮ್ಮಿ. ಪೂರ್ತಿ ಬೋಳಾಗುವವನ ತಲೆಯಲ್ಲಿ ಖಾಲಿಯಾಗೋ ಜಾಗ ಅಂದಾಜು ಇನ್ನೂರು ಚದರ ಸೆಂಟಿಮೀಟರ್. ಕಣ್ಣಿಗೆ ತುಂಬಿದಂತೆ ಕಾಣಬೇಕು ಅಂದರೆ ಸೆಂಟಿಮೀಟರಿಗೆ ನಲವತ್ತಾದರೂ ನೆಡಬೇಕು. ಇನ್ನೂರು ಗುಣಿಸು ನಲವತ್ತು, ಎಂಟು ಸಾವಿರ. ಸಸಿಯೇ ಸಾಲದು! ಇಪ್ಪತ್ತಾರನೇ ವಯಸ್ಸಿಗೆ ಹಣೆಯ ಮೇಲೆ ಮೂರೂವರೆ ಸಾವಿರ ಸುರಿದುಬಿಟ್ಟರೆ, ನಲವತ್ತಕ್ಕೆ ನೆತ್ತಿ ಖಾಲಿಯಾದಾಗ ಏನು ನೆಡ್ತೀರಿ? ಮುಂದೆ ಒಂದು ಪಟ್ಟಿ ಕೂದಲು, ಅದರ ಹಿಂದೆ ಬಯಲು. ಸಮುದ್ರದ ಮಧ್ಯೆ ದ್ವೀಪ ಇದ್ದ ಹಾಗೆ. ಅದಕ್ಕಿಂತ ನನ್ನ ಬಯಲೇ ವಾಸಿ.

ಅದಕ್ಕೇ ನೆಟ್ಟಗಿರೋ ಡಾಕ್ಟರುಗಳು ಇಪ್ಪತ್ತರ ಆಸುಪಾಸಿನ ಹುಡುಗರನ್ನ "ಹೋಗಿ, ಔಷಧಿ ತಗೊಳ್ಳಿ, ಒಂದು ವರ್ಷ ಬಿಟ್ಟು ಬನ್ನಿ" ಅಂತ ವಾಪಸ್ ಕಳಿಸ್ತಾರೆ. ನಿಮ್ಮನ್ನ ವಾಪಸ್ ಕಳಿಸೋ ಡಾಕ್ಟರ್ ಸಿಕ್ಕರೆ ಅವರ ವಿಳಾಸ ಬರೆದಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತೆ.

ಔಷಧಿ ಅಂದೆನಲ್ಲ, ಅದರಲ್ಲೂ ಪೂರ್ತಿ ಕಥೆ ಹೇಳೋರು ಕಮ್ಮಿ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು, ತಗೊಂಡವರ ಮೈಮೇಲೆಲ್ಲ ಕೂದಲು ಬೆಳೆದಾಗ ತಲೆಗೆ ಹಚ್ಚೋ ದ್ರಾವಣವಾಯ್ತು. ಹಚ್ಚೋದು ನಿಲ್ಲಿಸಿದರೆ ಬಂದದ್ದು ಹೋಗುತ್ತೆ. ಫಿನಾಸ್ಟರೈಡ್ ಪ್ರಾಸ್ಟೇಟ್ ಗ್ರಂಥಿಗೆ ಅಂತ ಬಂದದ್ದು, 1997ರಲ್ಲಿ ಅಮೆರಿಕದಲ್ಲಿ ಒಂದು ಮಿಲಿಗ್ರಾಂ ಮಾತ್ರೆಯಾಗಿ ಬೋಳುತಲೆಗೂ ಒಪ್ಪಿಗೆ ಸಿಕ್ಕಿತು. ಬಹಳ ಜನಕ್ಕೆ ಕೆಲಸ ಮಾಡುತ್ತೆ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತೆ, ಕೆಲವರಿಗೆ ಮನಸ್ಸು ಕುಗ್ಗುತ್ತೆ. ಆತ್ಮಹತ್ಯೆಯ ಯೋಚನೆ ಇದರ ಒಂದು ಅಡ್ಡಪರಿಣಾಮ ಅಂತ 2025ರಲ್ಲಿ ಯುರೋಪಿನ ಔಷಧ ಸಂಸ್ಥೆಯೇ ದೃಢಪಡಿಸಿತು. ಖಿನ್ನತೆ ಇದ್ದವರು ಬಾಯಿಬಿಟ್ಟು ಡಾಕ್ಟರಿಗೆ ಹೇಳಲೇಬೇಕು. ಇನ್ನೊಂದು, ಈ ಮಾತ್ರೆ ಪ್ರಾಸ್ಟೇಟಿನ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನ ಸುಮಾರು ಅರ್ಧಕ್ಕೆ ಇಳಿಸುತ್ತೆ. ಐವತ್ತು ದಾಟಿ ಪರೀಕ್ಷೆ ಮಾಡಿಸುವಾಗ ಹೇಳದೇ ಹೋದರೆ, ಇರೋ ಕಾಯಿಲೆ ಇಲ್ಲ ಅನ್ನಿಸಿಕೊಂಡು ಮನೆಗೆ ಬರ್ತೀರಿ. ಇದನ್ನ ಮೆಡಿಕಲ್ ಶಾಪಿನವನು ಹೇಳ್ತಾನಾ?

"ಏನ್ ಮಹಾ, ಬರೀ ತಲೆ ಚರ್ಮ ತಾನೇ, ಸತ್ತೇನೂ ಹೋಗಲ್ಲ" ಅನ್ನೋರಿಗೆ. 2016ರಲ್ಲಿ ಚೆನ್ನೈನಲ್ಲಿ ಕೂದಲು ನೆಡಿಸಿಕೊಳ್ಳೋಕೆ ಹೋದ ವೈದ್ಯಕೀಯ ವಿದ್ಯಾರ್ಥಿ ಸತ್ತ. ಸ್ವತಃ ಡಾಕ್ಟರಾಗಬೇಕಿದ್ದ ಹುಡುಗ. 2019ರ ಮಾರ್ಚಿನಲ್ಲಿ ಮುಂಬೈನ ನಲವತ್ತಮೂರು ವರ್ಷದ ವ್ಯಾಪಾರಿಯೊಬ್ಬರು ಒಂದೇ ಸಲಕ್ಕೆ ಒಂಬತ್ತು ಸಾವಿರಕ್ಕೂ ಮೇಲೆ ನೆಡಿಸಿಕೊಂಡು ಒಂದೆರಡು ದಿನದಲ್ಲೇ ಹೋದರು. ಕಾನ್ಪುರದಲ್ಲಿ 2024ರ ನವೆಂಬರಿನಲ್ಲಿ ಒಬ್ಬ, 2025ರ ಮಾರ್ಚಿನಲ್ಲಿ ಇನ್ನೊಬ್ಬ, ಇಬ್ಬರೂ ಎಂಜಿನಿಯರುಗಳು. ಆ ಪ್ರಕರಣದ ಆರೋಪಿ ಓದಿದ್ದು ಹಲ್ಲಿನ ವೈದ್ಯ. ನಮ್ಮ ಬೆಂಗಳೂರಿನಲ್ಲೇ 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸಲು ಹೋದ ಇಪ್ಪತ್ತೊಂದರ ಕಿರುತೆರೆ ನಟಿ ವಾಪಸ್ ಬರಲಿಲ್ಲ. ಹೌದು, ಇಂಥದ್ದು ಅಪರೂಪ. ಆದರೆ ತಲೆ ಮರಗಟ್ಟಿಸಲು ಕೊಡೋ ಲಿಡೋಕೇನ್ ಇಂಜೆಕ್ಷನ್ನಿಗೆ ಮೈತೂಕದ ಲೆಕ್ಕದಲ್ಲಿ ಒಂದು ಮಿತಿ ಇದೆ. ಎಂಟು–ಹತ್ತು ತಾಸು ಮಲಗಿಸಿ, ನೋವು ಅಂದಾಗಲೆಲ್ಲ ಚುಚ್ಚುತ್ತಾ ಹೋದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಆ ಹೊತ್ತಿಗೆ ಪಕ್ಕದಲ್ಲಿ ಇರಬೇಕಾದವರು ಡಾಕ್ಟರು, ಆಮ್ಲಜನಕ, ತುರ್ತು ಔಷಧಿ. ಗೋಡೆ ಮೇಲಿನ ಫೋಟೋಗಳಲ್ಲ.

2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾರ್ಗಸೂಚಿ ಹೊರಡಿಸಿ, ವರ್ಕ್‌ಶಾಪಿಗೆ ಹೋಗಿ ಬಂದದ್ದು, ಯೂಟ್ಯೂಬ್ ನೋಡಿ ಕಲಿತದ್ದು ಇವೆಲ್ಲ ಕೂದಲು ನೆಡೋಕೆ ಸಾಕಾಗೋ ತರಬೇತಿ ಅಲ್ಲ ಅಂತ ಹೇಳಬೇಕಾಯ್ತು. ಯೋಚನೆ ಮಾಡಿ, ಅದನ್ನ ಬರೆದು ಹೇಳಬೇಕಾದ ಪರಿಸ್ಥಿತಿ! ಹಾಗಾಗಿ ಹೋದ ಕಡೆ ನಾಚಿಕೆ ಬಿಟ್ಟು ಕೇಳಿ: ಕೀಳೋರು ಯಾರು, ತೂತು ಮಾಡೋರು ಯಾರು, ನೆಡೋರು ಯಾರು, ಡಾಕ್ಟರ್ ಪೂರ್ತಿ ಹೊತ್ತು ಇರ್ತಾರಾ ಅಥವಾ ಬೆಳಿಗ್ಗೆ ಮುಖ ತೋರಿಸಿ ಹೋಗ್ತಾರಾ. ಡಾಕ್ಟರ ನೋಂದಣಿ ಸಂಖ್ಯೆ ತಗೊಂಡು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಹುಡುಕಿ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಕ್ಲಿನಿಕ್ಕಿಗೂ ನೋಂದಣಿ ಬೇಕು, ಆ ಪತ್ರ ಎಲ್ಲಿ ತೂಗುಹಾಕಿದ್ದಾರೆ ನೋಡಿ. ಬ್ಯೂಟಿ ಪಾರ್ಲರಿನ ಲೈಸೆನ್ಸಲ್ಲಿ ತಲೆ ಕೊರೆಯೋಕಾಗಲ್ಲ.

ಮತ್ತೆ ಆ ಬಿಲ್ಲು. ಹದಿನೆಂಟು ಸಾವಿರದ ಒಂಬೈನೂರು ಉಳೀತು ಅಂತ ನನ್ನ ತಮ್ಮ ಖುಷಿಪಟ್ಟಿದ್ದ. ಬಿಲ್ಲೇ ಇಲ್ಲದ ಮೇಲೆ ಗ್ರಾಹಕರ ಆಯೋಗದ ಮುಂದೆ ಏನು ಹಿಡಿದುಕೊಂಡು ನಿಲ್ತೀರಿ? ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ಅಡಿ ಬರುತ್ತೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ, ಆದರೆ ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿ ಬೇಕಲ್ಲ. ಅಂದಹಾಗೆ ಈ ತೆರಿಗೆಯ ನಿಯಮ ಓದೋಕೆ ಮಜವಾಗಿದೆ. ಆರೋಗ್ಯ ಸೇವೆಗೆ ವಿನಾಯಿತಿ ಕೊಡುವಾಗ ಕೂದಲು ಕಸಿಯನ್ನೂ ಸೌಂದರ್ಯ ಚಿಕಿತ್ಸೆಯನ್ನೂ ಹೊರಗಿಟ್ಟಿದ್ದಾರೆ, ಹುಟ್ಟಿನಿಂದ ಬಂದ ಊನ, ಗಾಯ ಇತ್ಯಾದಿ ಸರಿಪಡಿಸೋದಾದರೆ ಮಾತ್ರ ಒಳಗೆ. ಟಿಪ್ಪುವಿನ ಸೆರೆಯಲ್ಲಿ ಮೂಗು ಕತ್ತರಿಸಿಕೊಂಡ ಕಾವಸ್ಜಿ ಅನ್ನೋ ಎತ್ತಿನ ಗಾಡಿಯವನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದ ಮೂಗು ಕಟ್ಟಿಕೊಟ್ಟರಲ್ಲ, 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದು ಯುರೋಪಿನ ವೈದ್ಯರೆಲ್ಲ ಬೆರಗಾದರು. ಅವನು ಇವತ್ತಿದ್ದಿದ್ದರೆ ತೆರಿಗೆ ಕಟ್ಟಬೇಕಿರಲಿಲ್ಲ!

ಇಷ್ಟು ಓದಿ ಕೆಲವರು ಅಂತೀರಿ, "ಅದಕ್ಕೇ ನಾವು ಹೇಳೋದು, ದೇವರು ಕೊಟ್ಟದ್ದರಲ್ಲಿ ತೃಪ್ತಿ ಇರಬೇಕು, ಗಂಡಸಿಗೆ ಯಾಕೆ ಇಂಥ ಶೋಕಿ". ನಿಮ್ಮ ಜೊತೆಗೂ ನನ್ನ ಜಗಳವಿದೆ. ಹುಡುಗನ ಆತ್ಮವಿಶ್ವಾಸ ಕಡಿಮೆ ಅಂತ ಉಪದೇಶ ಮಾಡೋರು, ಅದನ್ನ ಕಡಿಮೆ ಮಾಡಿದ್ದು ಯಾರು ಅಂತಲೂ ಹೇಳಿ. ಮದುವೆ ಮನೆಯಲ್ಲಿ "ಏನೋ, ಗದ್ದೆ ಎಲ್ಲಾ ಕೊಯ್ಲಾಯ್ತಾ?" ಅಂತ ಹತ್ತು ಜನರ ಮುಂದೆ ನೆತ್ತಿ ಸವರೋ ಮಾವಂದಿರು ನಾವೇ. ರಾಜ್ ಬಿ. ಶೆಟ್ಟಿ 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಮಾಡಿದಾಗ ಕನ್ನಡ ಮೇಷ್ಟ್ರು ಜನಾರ್ದನನನ್ನ ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮನೆಗೆ ಬಂದು ಮಗಳಿಗೆ ಗಂಡು ನೋಡುವಾಗ? ಹಾಗೇ ಎದೆಯ ಭಾಗ ಉಬ್ಬಿರೋ ಹುಡುಗರಿದ್ದಾರೆ, ಈಜೋಕೂ ಇಳಿಯದೆ ಬೇಸಿಗೆಯಲ್ಲೂ ಎರಡು ಬನಿಯನ್ ಹಾಕೋರು. ಹದಿಹರೆಯದಲ್ಲಿ ಬರೋದು ಬಹುಪಾಲು ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತೆ, ಜಿಮ್ಮಿನ ಸ್ಟೀರಾಯ್ಡಿನಿಂದ ಬಂದದ್ದಾದರೆ ಮೊದಲು ಅದನ್ನ ಬಿಡಬೇಕು, ಇಳಿಯದೇ ಉಳಿದದ್ದಕ್ಕೆ ಶಸ್ತ್ರಚಿಕಿತ್ಸೆ ಸರಿಯಾದ ಮದ್ದೇ. ಅದನ್ನ ಮಾಡಿಸಿಕೊಂಡವನನ್ನ ನಕ್ಕರೆ ತಪ್ಪು ನಗೋರದ್ದು. ಹಾಗಾಗಿ ಮಾಡಿಸಲೇಬೇಡಿ ಅಂತ ನಾನು ಹೇಳ್ತಿಲ್ಲ. ಸೇಲ್ಸ್ ಹುಡುಗಿಯ ಗಡುವಿಗೆ, ಮದುವೆಯ ಮುಹೂರ್ತಕ್ಕೆ ಮಾಡಿಸಬೇಡಿ ಅಂತಿದೀನಿ.

ಮುಹೂರ್ತ ಅಂದೆ ನೋಡಿ. ನಾನು ಎಷ್ಟು ಹೇಳಿದರೂ ಕೇಳದೆ ನನ್ನ ತಮ್ಮ ಅವತ್ತೇ ಹತ್ತು ಸಾವಿರ ಮುಂಗಡ ಕೊಟ್ಟ, ಎರಡು ವಾರದಲ್ಲಿ ನಾಟಿಯೂ ಮುಗೀತು. ತಿಂಗಳಾದ ಮೇಲೆ ನೆಟ್ಟದ್ದೆಲ್ಲ ಉದುರಿತು. ಇದು ಸಹಜ, ಬೇರು ಒಳಗಿರುತ್ತೆ, ಮೂರ್ನಾಲ್ಕು ತಿಂಗಳಿಗೆ ಮತ್ತೆ ಚಿಗುರಿ ಪೂರ್ತಿ ಬೆಳೆ ಕಾಣೋಕೆ ವರ್ಷ ಬೇಕು. ಆದರೆ ಅವನಿಗೆ ಯಾರೂ ಹೇಳಿರಲಿಲ್ಲ, ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿ ಅತ್ತ. ಅಷ್ಟರಲ್ಲಿ ಹೆಣ್ಣು ಗೊತ್ತಾಯ್ತು, ಕೊರೋನಾ ಬಂತು. 2020ರ ಜೂನಿನಲ್ಲಿ ಊರಲ್ಲೇ ಮದುವೆ. ಅರ್ಧ ಬೆಳೆದ ಕೂದಲು, ಐವತ್ತೇ ಜನ, ಎಲ್ಲರ ಮುಖಕ್ಕೂ ಮಾಸ್ಕು. ಮದುಮಗನ ತಲೆ ಮೇಲೆ ಪೇಟ, ಹಣೆಗೆ ಬಾಸಿಂಗ. ಒಂದು ಲಕ್ಷದ ಕೂದಲನ್ನ ಯಾರೂ ನೋಡಲಿಲ್ಲ!! ಆಮೇಲೊಂದು ದಿನ ಅವನ ಹೆಂಡತಿ ನಗುತ್ತಾ ಹೇಳಿದಳು, "ಭಾವ, ನಂಗೆ ಮೊದಲೇ ಗೊತ್ತಿತ್ತು. ಫೇಸ್‌ಬುಕ್ಕಲ್ಲಿ ಇವರ ಹಳೇ ಫೋಟೋ ನೋಡೇ ಒಪ್ಪಿದ್ದೆ."

ಈಗವನಿಗೆ ಮೂವತ್ತು ದಾಟಿದೆ. ಮುಂದಿನ ಸಾಲು ಚೆನ್ನಾಗೇ ನಿಂತಿದೆ, ಸುಳ್ಳು ಹೇಳಬಾರದು. ಅದರ ಹಿಂದೆ ನೆತ್ತಿ ತೆಳುವಾಗ್ತಾ ಬಂದಿದೆ. ಕತ್ತಿನ ಮೇಲಿನ ಸಸಿಮಡಿ ನುಸಿ ತಿಂದ ಕಂಬಳಿ ಹಾಗೆ ಚುಕ್ಕಿ ಚುಕ್ಕಿ, ಕೂದಲು ಸಣ್ಣಗೆ ಕತ್ತರಿಸಿದರೆ ಕಾಣುತ್ತೆ ಅಂತ ಕ್ಷೌರದಂಗಡಿಗೆ ಹೋಗೋಕೂ ಹಿಂಜರಿತಾನೆ. ಆ ಕ್ಲಿನಿಕ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ.

ಹೋದ ವಾರ ಮತ್ತೆ ಫೋನು. "ಅಣ್ಣಯ್ಯ, ಬೇರೆ ಒಂದ್ಕಡೆ ವಿಚಾರಿಸಿದೀನಿ, ಎರಡು ಸಾವಿರ ಗ್ರಾಫ್ಟು ಸಾಕಂತೆ. ಶನಿವಾರ ಬರ್ತೀಯಾ?"

"ಸಾಕು ಅಂತ ಹೇಳಿದ್ದು ಯಾರೋ?" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದ, "ವಾಟ್ಸಪ್ಪಲ್ಲಿ ಫೋಟೋ ಕಳಿಸಿದ್ದೆ ಅಣ್ಣಯ್ಯ..."

ಶನಿವಾರ ಹೋಗ್ತಿದೀನಿ.