ಕಾರಿನ ಕಣ್ಣಿಗೆ ಕಾಣದವರು

ರಾತ್ರಿ ಪ್ರಯಾಣದಲ್ಲಿ ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣು ಕುಕ್ಕಿ, ಲಾರಿ ದಾಟಿಹೋದ ಮೇಲೂ ಅರೆಗಳಿಗೆ ರಸ್ತೆಯೇ ಕಾಣಿಸದ ಅನುಭವ ಯಾರಿಗಿಲ್ಲ? ಹೀಗಾಗುವುದೇಕೆ?

ನಮ್ಮ ಅಕ್ಷಿಪಟಲದಲ್ಲಿ ಮಂದ ಬೆಳಕಿನ ನೋಟಕ್ಕೆಂದೇ ದಂಡಕೋಶಗಳಿವೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಪ್ರಖರ ಬೆಳಕು ಬಿದ್ದೊಡನೆ ವಿಭಜನೆಯಾಗುತ್ತದೆ. ಕಣ್ಣಿನ ಪಾಪೆಯೂ ಥಟ್ಟನೆ ಕುಗ್ಗುತ್ತದೆ. ಕುಗ್ಗಿದಷ್ಟು ಬೇಗ ಅದು ಹಿಗ್ಗುವುದಿಲ್ಲ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೂ ಹಿಡಿದೀತು. ಈಗ ಒಂದು ಸಣ್ಣ ಲೆಕ್ಕ ಮಾಡಿ. ಗಂಟೆಗೆ 60 ಕಿ.ಮೀ. ವೇಗದ ಕಾರು ಎರಡು ಸೆಕೆಂಡಿನಲ್ಲಿ ಸುಮಾರು 33 ಮೀಟರ್ ಸಾಗುತ್ತದೆ. ಅಂದರೆ ಮೂರು ಬಸ್ಸುಗಳಷ್ಟು ಉದ್ದದ ದಾರಿಯನ್ನು ಚಾಲಕ ಕುರುಡಾಗಿಯೇ ದಾಟಿರುತ್ತಾನೆ!

ಇದಕ್ಕಾಗಿಯೇ ಹೆಡ್‌ಲೈಟಿಗೆ ಎರಡು ಬಗೆಯ ಬೆಳಕು. ಎಚ್4 ಎಂಬ ಹ್ಯಾಲೋಜನ್ ಬಲ್ಬನ್ನು ನೋಡಿ. ಅದರೊಳಗೆ ಎರಡು ತಂತುಗಳಿವೆ. ಹೈಬೀಮ್ ತಂತು ನಿಮ್ನದರ್ಪಣದ ಸಂಗಮಬಿಂದುವಿನಲ್ಲಿ ಇರುವುದರಿಂದ ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿ ದೂರಕ್ಕೆ ಚಿಮ್ಮುತ್ತವೆ. ಲೋಬೀಮ್ ತಂತು ಆ ಬಿಂದುವಿಗಿಂತ ತುಸು ಮುಂದಿದೆ; ಅದರ ಕೆಳಗೊಂದು ಲೋಹದ ಪುಟ್ಟ ದೊನ್ನೆ. ಹೀಗಾಗಿ ಬೆಳಕು ದರ್ಪಣದ ಮೇಲರ್ಧಕ್ಕೆ ಮಾತ್ರ ಬಿದ್ದು ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ಹತ್ತನೆಯ ತರಗತಿಯ ಕಿರಣಚಿತ್ರದ ಪಾಠವೇ ಇದು!

ಆದರೆ ಬೆಳಕನ್ನು ತಗ್ಗಿಸಬೇಕೆಂಬ ನೆನಪು ಮನುಷ್ಯನಿಗಿರಬೇಕಲ್ಲ? ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಯತ್ನ ಹೊಸದೇನಲ್ಲ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ 1952ರಲ್ಲೇ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್ ಕಾರುಗಳಿಗೆ 'ಆಟ್ರಾನಿಕ್ ಐ' ಎಂಬ ಸಾಧನವನ್ನು ತಂದಿತು. ಡ್ಯಾಶ್‌ಬೋರ್ಡಿನ ಮೇಲೆ ಕೂತ ಅದರ ದ್ಯುತಿನಳಿಕೆ, ಎದುರಿನ ಬೆಳಕು ಬಿದ್ದೊಡನೆ ದೀಪವನ್ನು ತಗ್ಗಿಸುತ್ತಿತ್ತು. ಆದರೆ ಬೀದಿದೀಪ ಯಾವುದು, ವಾಹನದ ದೀಪ ಯಾವುದು ಎಂಬ ವಿವೇಚನೆ ಅದಕ್ಕಿರಲಿಲ್ಲ.

ಇಂದಿನ ಕಾರುಗಳಲ್ಲಿ ಮುಂಗಾಜಿನ ಹಿಂದೆ, ಕನ್ನಡಿಯ ಬಳಿ ಪುಟ್ಟ ಕ್ಯಾಮೆರಾ ಇರುತ್ತದೆ. ಅದರ ಚಿತ್ರವನ್ನು ಕಂಪ್ಯೂಟರ್ ಪರಿಶೀಲಿಸುತ್ತದೆ. ಸಮೀಪಿಸುತ್ತಿರುವ ಬಿಳಿಯ ಬೆಳಕು ಎದುರು ಬರುವ ವಾಹನದ್ದು. ಕೆಂಪು ಬೆಳಕು ಮುಂದೆ ಹೋಗುತ್ತಿರುವ ವಾಹನದ ಹಿಂದೀಪ. ಸಾಲುದೀಪಗಳಿದ್ದರೆ ಅದು ಊರು. ಇವು ಕಂಡರೆ ಬೆಳಕು ತಗ್ಗುತ್ತದೆ, ದಾರಿ ಖಾಲಿಯಾದರೆ ಮತ್ತೆ ಏರುತ್ತದೆ. 2013ರಲ್ಲಿ ಔಡಿ ಎ8 ಕಾರಿನಲ್ಲಿ ಬಂದ ಮ್ಯಾಟ್ರಿಕ್ಸ್ ಎಲ್ಇಡಿ ಇನ್ನೂ ಒಂದು ಹೆಜ್ಜೆ ಮುಂದೆ. ಎದುರಿನವರ ಕಣ್ಣಿಗೆ ಬೀಳುವಷ್ಟು ಭಾಗವನ್ನು ಮಾತ್ರ ಆರಿಸಿ, ಉಳಿದ ಕಡೆ ಪೂರ್ಣ ಬೆಳಕನ್ನು ಹಾಗೆಯೇ ಇಡುತ್ತದೆ.

ಸೊಗಸಾದ ಉಪಕರಣ, ಸಂದೇಹವಿಲ್ಲ. ಆದರೆ ವಿದ್ಯಾರ್ಥಿಗಳೇ, ಒಂದು ಮಾತು ಗಮನಿಸಿ. ಈ ಯಂತ್ರ ಮುಖ್ಯವಾಗಿ ಹುಡುಕುವುದು ಮನುಷ್ಯರನ್ನಲ್ಲ, ದೀಪಗಳನ್ನು. ನಮ್ಮ ರಸ್ತೆಯಲ್ಲಿ ದೀಪವಿಲ್ಲದ ಸೈಕಲ್ ಬರುತ್ತದೆ, ಎತ್ತಿನಗಾಡಿ ಬರುತ್ತದೆ. ಹೊಲದಿಂದ ಮನೆಗೆ ಹೊರಟ ರೈತ ಕಾಲ್ನಡಿಗೆಯಲ್ಲಿ ಬರುತ್ತಾನೆ. ಅವರಿಗಾಗಿ ಬೆಳಕು ತಾನಾಗಿ ತಗ್ಗೀತೆಂದು ನಂಬುವಂತಿಲ್ಲ. ನಡೆದು ಬರುವವರಿಗೂ ಎರಡು ಕಣ್ಣಿವೆಯಲ್ಲ! ಕಣ್ಣು ಕತ್ತಲಿಟ್ಟ ಸೈಕಲ್ ಸವಾರ ರಸ್ತೆ ಬದಿಯ ಗುಂಡಿಗೋ, ಕಾರಿನ ಅಡ್ಡಕ್ಕೋ ಬಿದ್ದರೆ ಆ ಹೊಣೆ ಯಾರದು?

ತಿರುವಿನಲ್ಲಿ, ಏರಿನಾಚೆ ಇರುವ ವಾಹನ ಕ್ಯಾಮೆರಾಗೆ ತಡವಾಗಿ ಕಾಣುತ್ತದೆ. ಮುಂಗಾಜಿಗೆ ಕೆಸರು ಸಿಡಿದಿದ್ದರೆ ಅದರ ನೋಟವೂ ಮಂಕು. ಆಗುಂಬೆ, ಚಾರ್ಮಾಡಿ ಘಾಟಿಗಳ ಮಂಜಿನಲ್ಲಂತೂ ಹೈಬೀಮ್ ಬೇಡವೇ ಬೇಡ. ನೀರಿನ ಹನಿಗಳು ಬೆಳಕನ್ನು ಚದುರಿಸಿ ನಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ. ಮುಂದೆ ಬಿಳಿಯ ಗೋಡೆಯಷ್ಟೇ ಉಳಿಯುತ್ತದೆ.

ಆದ್ದರಿಂದ ಪೋಷಕರು ಈ ಸೌಲಭ್ಯವನ್ನು ಧಾರಾಳವಾಗಿ ಬಳಸಲಿ, ಆದರೆ ಸ್ಟೀರಿಂಗ್ ಪಕ್ಕದ ಲಿವರನ್ನು ಮರೆಯದಿರಲಿ. ಬೆಳಕಿಲ್ಲದವರು ಎದುರಾದಾಗ ಅದನ್ನು ತಗ್ಗಿಸಬೇಕಾದದ್ದು ಕೈಯೇ. ಕ್ಯಾಮೆರಾದ ಮುಂದಿನ ಗಾಜನ್ನು ಆಗಾಗ ಒರೆಸಲಿ. ಮಕ್ಕಳ ಸೈಕಲ್ಲಿಗೆ ಹಿಂದೊಂದು ಕೆಂಪು, ಮುಂದೊಂದು ಬಿಳಿ ದೀಪ ಹಾಕಿಸಲಿ.

ಮಕ್ಕಳಿಗೊಂದು ಚಟುವಟಿಕೆ. ಹೈಬೀಮ್ ಹೊತ್ತಿದಾಗ ಕಾರಿನ ಫಲಕದಲ್ಲಿ ನೀಲಿ ಗುರುತು ಬೆಳಗುತ್ತದೆ. ಮುಂದಿನ ರಾತ್ರಿ ಪ್ರಯಾಣದಲ್ಲಿ ಅದು ಯಾರು ಎದುರಾದಾಗ ಆರಿತು, ಯಾರು ಎದುರಾದರೂ ಆರಲಿಲ್ಲ ಎಂದು ಮನಸ್ಸಿನಲ್ಲೇ ಎಣಿಸಿಟ್ಟುಕೊಳ್ಳಿ. ಚಾಲಕರೊಡನೆ ದಾರಿಯಲ್ಲಿ ಚರ್ಚೆ ಬೇಡ. ಮನೆ ತಲುಪಿದ ಮೇಲೆ ಆ ಪಟ್ಟಿಯನ್ನು ಅಪ್ಪ ಅಮ್ಮನ ಮುಂದಿಡಿ.